ಗಣಕಯಂತ್ರದ ಬೆನ್ನಿಗಂಟಿದ ಇಪ್ಪತ್ತೈದು ಅಕ್ಷರಗಳು



ಹೊಸ ಲ್ಯಾಪ್‌ಟಾಪ್ ಕೊಂಡವರು ನನ್ನನ್ನು ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ: “ಸರ್, ವಿಂಡೋಸ್ ಹಾಕಿಯೇ ಕೊಟ್ಟಿದ್ದಾರೆ. ಆದರೆ ಅದರ ಕೀ ಎಲ್ಲಿಯೂ ಬರೆದಿಲ್ಲ. ಅಂಗಡಿಯವರು ಮೋಸ ಮಾಡಿದರೇ?” ಹಳೆಯ ಯಂತ್ರವನ್ನು ಇಟ್ಟುಕೊಂಡವರ ಪ್ರಶ್ನೆ ಇದರ ತಿರುವು: “ಮಾವ, ಹಳೆಯ ಕಂಪ್ಯೂಟರಿನ ಹಿಂದೆ ಕೀ ಇರುವ ಸ್ಟಿಕ್ಕರ್ ಇನ್ನೂ ಇದೆ. ಅದನ್ನೇ ಹೊಸದಕ್ಕೆ ಹಾಕಿಕೊಳ್ಳಬಹುದೇ?” ಮೊದಲನೆಯವರಿಗೆ, ಕೀ ಕಾಣದಿರುವುದು ಮೋಸದ ಗುರುತಲ್ಲ ಎಂದೂ, ಎರಡನೆಯವರಿಗೆ, ಹಾಕಿಕೊಳ್ಳುವಂತಿಲ್ಲ ಎಂದೂ ಒಂದೊಂದು ಮಾತಿನಲ್ಲಿ ಉತ್ತರ ಹೇಳಿ ಮುಗಿಸಬಹುದು. ಆದರೆ ಕಾರಣ ಹೇಳದೆ ಉತ್ತರ ಮಾತ್ರ ಬರೆದವರಿಗೆ ನಾನು ಎಂದೂ ಪೂರ್ಣ ಅಂಕ ಕೊಟ್ಟವನಲ್ಲ. ಆದ್ದರಿಂದ ಈ ಕೀಲಿಸಂಖ್ಯೆಗಳ ಚರಿತ್ರೆಯನ್ನೇ ಸ್ವಲ್ಪ ವಿವರವಾಗಿ ಬರೆಯೋಣವೆಂದು ಕುಳಿತಿದ್ದೇನೆ.

ಗಣಕಯಂತ್ರದ ಆರಂಭದ ದಿನಗಳಲ್ಲಿ ಇಂಥ ಕೀಲಿಯೇ ಬೇಕಿರಲಿಲ್ಲ. ಕೋಣೆಯಷ್ಟು ದೊಡ್ಡದಾದ ಯಂತ್ರಗಳನ್ನು ಐ.ಬಿ.ಎಂ. ಸಂಸ್ಥೆಯು ಬಹುಪಾಲು ಬಾಡಿಗೆಗೇ ಕೊಡುತ್ತಿತ್ತು. ಅವುಗಳನ್ನು ನಡೆಸುವ ತಂತ್ರಾಂಶ, ಕಲಿಸುವ ಸಿಬ್ಬಂದಿ ಎಲ್ಲವೂ ಆ ಬಾಡಿಗೆಯಲ್ಲಿಯೇ ಸೇರಿರುತ್ತಿದ್ದವು. ಮದುವೆಮನೆಗೆ ಪಾತ್ರೆ ಬಾಡಿಗೆಗೆ ತಂದಾಗ ಸೌಟಿಗೆ ಬೇರೆ ಲೆಕ್ಕ ಹಾಕುವುದಿಲ್ಲವಷ್ಟೆ. 1969ರ ಜೂನ್ 23ರಂದು ಐ.ಬಿ.ಎಂ. ಈ ಪದ್ಧತಿಯನ್ನು ಬದಲಿಸಿ, ಕೆಲವು ತಂತ್ರಾಂಶಗಳಿಗೂ ಸೇವೆಗಳಿಗೂ ಪ್ರತ್ಯೇಕ ಬೆಲೆ ಕಟ್ಟುವುದಾಗಿ ಪ್ರಕಟಿಸಿತು. ಯಂತ್ರವನ್ನು ನಡೆಸುವ ಮೂಲ ತಂತ್ರಾಂಶ ಮಾತ್ರ ಆಗಲೂ ಯಂತ್ರದೊಡನೆಯೇ ಉಳಿಯಿತು. ಆದರೂ ಕಣ್ಣಿಗೆ ಕಾಣದ, ಕೈಗೆ ಸಿಗದ ಒಂದು ವಸ್ತುವಿಗೆ ಬೇರೆ ಬೆಲೆಯುಂಟು ಎಂಬ ಮಾತು ವ್ಯಾಪಾರದೊಳಗೆ ಬಂದದ್ದು ಇಲ್ಲಿಂದ.

ಬೆಲೆ ಬಂದ ಮೇಲೆ ಕದಿಯುವ ಮಾತೂ ಬರುತ್ತದೆ. 1976ರ ಫೆಬ್ರವರಿಯಲ್ಲಿ, ಇನ್ನೂ ಇಪ್ಪತ್ತು ವರ್ಷದ ಹುಡುಗನಾಗಿದ್ದ ಬಿಲ್ ಗೇಟ್ಸ್ ಗಣಕದ ಹವ್ಯಾಸಿಗಳಿಗೆ ಒಂದು ಬಹಿರಂಗ ಪತ್ರ ಬರೆದನು. ಆಲ್ಟೇರ್ ಎಂಬ ಪುಟ್ಟ ಯಂತ್ರಕ್ಕಾಗಿ ಅವನೂ ಅವನ ಗೆಳೆಯರೂ ರಚಿಸಿದ ಬೇಸಿಕ್ ಭಾಷೆಯ ತಂತ್ರಾಂಶವನ್ನು ಜನ ಕಾಗದದ ಪಟ್ಟಿಗಳಲ್ಲಿ ನಕಲು ತೆಗೆದು ಹಂಚಿಕೊಳ್ಳುತ್ತಿದ್ದರು. ಆಲ್ಟೇರ್ ಇರುವವರಲ್ಲಿ ನೂರಕ್ಕೆ ಹತ್ತು ಮಂದಿಯೂ ಅದನ್ನು ಕೊಂಡಿಲ್ಲವೆಂದೂ, ತಮ್ಮ ಶ್ರಮಕ್ಕೆ ಗಂಟೆಗೆ ಎರಡು ಡಾಲರ್ ಕೂಡ ಗಿಟ್ಟಿಲ್ಲವೆಂದೂ ಆ ಪತ್ರದಲ್ಲಿ ದೂರಿದ್ದನು. ಪತ್ರ ಓದಿ ಬಹಳ ಜನ ಸಿಟ್ಟಾದರು. ಬಿಡಿಬಿಡಿಯಾಗಿ ಗ್ರಾಹಕರ ಬಳಿ ಹಣ ಕೇಳುತ್ತಾ ಹೋಗುವುದು ನಡೆಯುವ ಕೆಲಸವಲ್ಲ ಎಂಬ ಪಾಠವನ್ನು ಅವನು ಅಲ್ಲಿಯೇ ಕಲಿತನೆಂದು ನನ್ನ ಊಹೆ. ಏಕೆಂದರೆ ಮುಂದೆ ಅವನ ಸಂಸ್ಥೆ ಹಿಡಿದ ದಾರಿ ಅದಕ್ಕೆ ತಕ್ಕಂತೆಯೇ ಇದೆ.

ಆ ದಾರಿ ಯಂತ್ರ ತಯಾರಕರ ಮೂಲಕ ಹೋಗುವುದಾಗಿತ್ತು. 1981ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಸಿಯಾಟಲ್ ಕಂಪ್ಯೂಟರ್ ಪ್ರಾಡಕ್ಟ್ಸ್ ಎಂಬ ಸಣ್ಣ ಸಂಸ್ಥೆಯಿಂದ ಟಿಮ್ ಪ್ಯಾಟರ್ಸನ್ ರಚಿಸಿದ್ದ ಒಂದು ಕಾರ್ಯಾಚರಣ ವ್ಯವಸ್ಥೆಯನ್ನು ಕೊಂಡು, ಅದನ್ನು ಐ.ಬಿ.ಎಂ.ನ ಹೊಸ ಪರ್ಸನಲ್ ಕಂಪ್ಯೂಟರಿಗೆ ಒದಗಿಸಿತು. ಅದೇ ಡಾಸ್. ಐ.ಬಿ.ಎಂ.ಗೆ ಕೊಟ್ಟರೂ, ಇತರ ತಯಾರಕರಿಗೆ ಅದನ್ನೇ ಕೊಡುವ ಹಕ್ಕನ್ನು ಮಾತ್ರ ಮೈಕ್ರೋಸಾಫ್ಟ್ ತನ್ನಲ್ಲಿಯೇ ಉಳಿಸಿಕೊಂಡಿತು. ಈ ಒಂದು ಷರತ್ತಿನ ಮೇಲೆ ಎಷ್ಟು ದೊಡ್ಡ ಸೌಧ ಎದ್ದಿತೆಂಬುದನ್ನು ನಾವೆಲ್ಲ ಕಂಡಿದ್ದೇವೆ. ಐ.ಬಿ.ಎಂ. ಯಂತ್ರದಂತೆಯೇ ನಡೆಯುವ ಬೇರೆ ತಯಾರಕರ ಯಂತ್ರಗಳು ಮಾರುಕಟ್ಟೆಗೆ ಬಂದಂತೆಲ್ಲ, ಅವರೆಲ್ಲರೂ ಡಾಸ್‌ಗಾಗಿ ಒಂದೇ ಬಾಗಿಲು ತಟ್ಟಬೇಕಾಯಿತು.

ಇಲ್ಲಿ ಮೊದಲ ಬಾರಿಗೆ ‘ಯಂತ್ರದೊಡನೆ ಬಂದ ಪರವಾನಗಿ’ ಎಂಬುದರ ನಿಜವಾದ ಸ್ವರೂಪ ಕಾಣುತ್ತದೆ. 1980ರ ದಶಕದ ಕೊನೆಯಿಂದ ಮೈಕ್ರೋಸಾಫ್ಟ್ ಅನೇಕ ತಯಾರಕರೊಡನೆ ಒಂದು ವಿಚಿತ್ರವಾದ ಒಪ್ಪಂದ ಮಾಡಿಕೊಂಡಿತು. ಗೊತ್ತುಪಡಿಸಿದ ಬಗೆಯ ಪ್ರೊಸೆಸರ್ ಇರುವ ಎಷ್ಟು ಯಂತ್ರಗಳನ್ನು ಮಾರುತ್ತೀರೋ ಅಷ್ಟಕ್ಕೂ ಗೌರವಧನ ಸಲ್ಲಿಸಬೇಕು. ಅವುಗಳಲ್ಲಿ ಡಾಸ್ ಹಾಕಿದ್ದರೂ ಸರಿ, ಹಾಕದಿದ್ದರೂ ಸರಿ. ಹೀಗಾದ ಮೇಲೆ ಡಿಜಿಟಲ್ ರಿಸರ್ಚ್ ಸಂಸ್ಥೆಯ ಡಿ.ಆರ್. ಡಾಸ್‌ನಂತಹ ಪ್ರತಿಸ್ಪರ್ಧಿಯನ್ನು ಯಾರು ತಾನೇ ಹಾಕಿಯಾರು? ಎರಡು ಬಾರಿ ಹಣ ಕೊಟ್ಟಂತಾಗುತ್ತದೆ. ಅಮೆರಿಕದ ನ್ಯಾಯ ಇಲಾಖೆ 1994ರ ಜುಲೈನಲ್ಲಿ ಸಲ್ಲಿಸಿದ ದೂರಿನ ಪ್ರಕಾರ, 1993ರ ಹಣಕಾಸು ವರ್ಷದಲ್ಲಿ ತಯಾರಕರಿಗೆ ಕೊಟ್ಟ ಎಂ.ಎಸ್. ಡಾಸ್ ಪರವಾನಗಿಗಳಲ್ಲಿ ಸುಮಾರು ನೂರಕ್ಕೆ ಅರವತ್ತು ಪಾಲು ಇಂಥ ಒಪ್ಪಂದಗಳಡಿಯಲ್ಲಿಯೇ ಇದ್ದವು. ಈ ಪದ್ಧತಿಯನ್ನು ಕೈಬಿಡುವುದಾಗಿ ಮೈಕ್ರೋಸಾಫ್ಟ್ ಒಪ್ಪಿದ ರಾಜಿಗೆ ನ್ಯಾಯಾಲಯದ ಅಂತಿಮ ಮುದ್ರೆ ಬಿದ್ದದ್ದು 1995ರ ಆಗಸ್ಟ್ 21ರಂದು. ಮೂರು ದಿನ ಬಿಟ್ಟು, 24ರಂದು, ವಿಂಡೋಸ್ 95 ಬಿಡುಗಡೆಯಾಯಿತು.

ಅಲ್ಲಿಯವರೆಗೆ ಲೆಕ್ಕವೆಲ್ಲ ತಯಾರಕರಿಗೂ ಮೈಕ್ರೋಸಾಫ್ಟಿಗೂ ನಡುವೆ. ಕೊಂಡವನಿಗೆ ಅದರ ಸುದ್ದಿಯೇ ಇರಲಿಲ್ಲ. ವಿಂಡೋಸ್ 95ರಲ್ಲಿ ಮಾತ್ರ ಕೀಲಿಸಂಖ್ಯೆ ಎಂಬುದು ಮನೆಮನೆಗೆ ಬಂದಿತು. ಯಂತ್ರದೊಡನೆ ಬರುತ್ತಿದ್ದ ಕೈಪಿಡಿಯ ರಕ್ಷಾಪುಟದ ಮೇಲೆ ಅದು ಅಸಲಿಯೆಂದು ಸಾರುವ ಪ್ರಮಾಣಪತ್ರವಿದ್ದು, ಅದರಲ್ಲಿ ಅಂಕೆಗಳ ಒಂದು ಸಾಲು ಇರುತ್ತಿತ್ತು.

ಎಂಟನೆಯ ತರಗತಿಯಲ್ಲಿ ನನ್ನಿಂದ ಭಾಜ್ಯತೆಯ ನಿಯಮಗಳನ್ನು ಕಲಿತವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಯಂತ್ರದೊಡನೆ ಬರುತ್ತಿದ್ದ ಆ ಸಂಖ್ಯೆಯಲ್ಲಿ ನಾಲ್ಕು ಭಾಗಗಳು. ಮೊದಲ ಭಾಗದ ಐದು ಅಂಕೆಗಳಲ್ಲಿ ಮೂರು, ವರ್ಷದ ಎಷ್ಟನೆಯ ದಿನವೆಂಬುದನ್ನೂ, ಉಳಿದ ಎರಡು ಇಸವಿಯನ್ನೂ ಸೂಚಿಸುತ್ತಿದ್ದವು. ಎರಡನೆಯ ಭಾಗದಲ್ಲಿ ಓ.ಇ.ಎಂ. ಎಂಬ ಮೂರು ಇಂಗ್ಲಿಷ್ ಅಕ್ಷರಗಳು. ಯಂತ್ರ ತಯಾರಕರ ಮೂಲಕ ಬಂದದ್ದು ಎಂದು ಅರ್ಥ. ಮೂರನೆಯದು ಸೊನ್ನೆಯಿಂದ ಆರಂಭವಾಗುವ ಏಳು ಅಂಕೆಗಳ ಸಂಖ್ಯೆ. ನಾಲ್ಕನೆಯ ಭಾಗದಲ್ಲಿ ಯಾವ ಅಂಕೆಗಳಿದ್ದರೂ ನಡೆಯುತ್ತಿತ್ತು. ಇಷ್ಟೆಲ್ಲದರ ನಡುವೆ ಮುಖ್ಯವಾದ ಪರೀಕ್ಷೆ ಯಾವುದು ಬಲ್ಲಿರಾ? ಆ ಮೂರನೆಯ ಭಾಗದ ಅಂಕೆಗಳನ್ನು ಕೂಡಿದರೆ ಬರುವ ಮೊತ್ತ ಏಳರಿಂದ ನಿಶ್ಶೇಷವಾಗಿ ಭಾಗವಾಗಬೇಕು. 0012344 ಎಂದಿದ್ದರೆ ಮೊತ್ತ ಹದಿನಾಲ್ಕು, ತೇರ್ಗಡೆ. ಅಂಗಡಿಯಲ್ಲಿ ಬಿಡಿಯಾಗಿ ಮಾರುತ್ತಿದ್ದ ಸಿ.ಡಿ.ಗಳ ಹತ್ತು ಅಂಕೆಯ ಕೀಲಿಗೂ ಹೆಚ್ಚುಕಡಿಮೆ ಇದೇ ನಿಯಮ. ಆದ್ದರಿಂದ ಹತ್ತೂ ಸ್ಥಾನಗಳಲ್ಲಿ ಒಂದನ್ನೇ ತುಂಬಿದರೂ ಯಂತ್ರ ಒಪ್ಪಿಕೊಳ್ಳುತ್ತಿತ್ತು. ಕೊನೆಯ ಏಳು ಒಂದುಗಳ ಮೊತ್ತ ಏಳೇ ತಾನೆ!

ಇಷ್ಟು ದೊಡ್ಡ ಸಂಸ್ಥೆ ಇಷ್ಟು ಸಣ್ಣ ಬೀಗ ಹಾಕಿತೇ ಎಂದು ನಿಮಗೆ ನಗು ಬರಬಹುದು. ನನಗೆ ಅದರಲ್ಲಿ ಒಂದು ಬಗೆಯ ವಿವೇಕವೇ ಕಾಣುತ್ತದೆ. ಆ ಕೀಲಿ ಕಳ್ಳನನ್ನು ತಡೆಯಲು ಇದ್ದದ್ದಲ್ಲ. ನೀವು ಟೈಪು ಮಾಡುವಾಗ ಅಂಕೆ ತಪ್ಪಿದರೆ ಹೇಳಲು, ಮತ್ತು ಇದಕ್ಕೊಂದು ಪತ್ರವಿದೆ ಎಂದು ನೆನಪಿಸಲು ಇದ್ದದ್ದು. ಯಂತ್ರ ಆ ಸಂಖ್ಯೆಯನ್ನು ಎಲ್ಲಿಗೂ ಕಳುಹಿಸುತ್ತಿರಲಿಲ್ಲ, ಯಾರನ್ನೂ ಕೇಳುತ್ತಿರಲಿಲ್ಲ. ಒಂದೇ ಕೀಲಿಯನ್ನು ನೂರು ಯಂತ್ರಗಳಿಗೆ ಹಾಕಿದರೂ ನೂರೂ ನಡೆಯುತ್ತಿದ್ದವು. ಹಾಗೆ ನಡೆದದ್ದೂ ಉಂಟು, ನಮ್ಮಲ್ಲಿಯೂ ಉಂಟು.

ವಿಂಡೋಸ್ 98ರ ವೇಳೆಗೆ ಈ ಸಂಖ್ಯೆ ಇಪ್ಪತ್ತೈದು ಅಕ್ಷರಗಳಿಗೆ ಬೆಳೆಯಿತು. ಐದೈದರ ಐದು ಗುಂಪು. ಇದರಲ್ಲಿ ಬಳಸಿದ ವರ್ಣಮಾಲೆ ಗಮನಾರ್ಹವಾದದ್ದು: ಇಂಗ್ಲಿಷಿನ ಹದಿನೇಳು ವ್ಯಂಜನಗಳು, ಏಳು ಅಂಕೆಗಳು, ಒಟ್ಟು ಇಪ್ಪತ್ತನಾಲ್ಕು. ಸೊನ್ನೆಯೂ ‘ಓ’ ಅಕ್ಷರವೂ ಒಂದೇ ರೀತಿ ಕಾಣುವುದರಿಂದ ಎರಡೂ ಇಲ್ಲ. ಒಂದು ಎಂಬ ಅಂಕೆ, ‘ಐ’, ‘ಎಲ್’ ಇವು ಮೂರೂ ಇಲ್ಲ. ಐದೂ ಇಲ್ಲ, ‘ಎಸ್’ ಕೂಡ ಇಲ್ಲ. ಸ್ವರಗಳಂತೂ ಒಂದೂ ಇಲ್ಲದ್ದರಿಂದ ಅಕಸ್ಮಾತ್ತಾಗಿ ಯಾವುದೋ ಅಸಭ್ಯ ಪದ ಮೂಡುವ ಭಯವೂ ಕಡಿಮೆ. ಕೈಬರಹ ತಿದ್ದಿ ತಿದ್ದಿ ಕಣ್ಣು ಸೋತ ಮೇಷ್ಟರೊಬ್ಬರು ಈ ವರ್ಣಮಾಲೆಯನ್ನು ಮಾಡಿರಬೇಕೆಂದು ನನಗೆ ಅನ್ನಿಸುವುದುಂಟು. ಇಪ್ಪತ್ತನಾಲ್ಕು ಚಿಹ್ನೆಗಳಿಂದ ಇಪ್ಪತ್ತೈದು ಸ್ಥಾನ ತುಂಬುವ ವಿಧಾನಗಳೆಷ್ಟು ಎಂದು ಲೆಕ್ಕ ಹಾಕಿದರೆ, ಮೂರರ ಮುಂದೆ ಮೂವತ್ತನಾಲ್ಕು ಸೊನ್ನೆ ಬರೆದಷ್ಟು ದೊಡ್ಡ ಸಂಖ್ಯೆ ಬರುತ್ತದೆ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಏಳರಿಂದ ಭಾಗಿಸುವ ಆಟ ಮುಗಿದಿತ್ತು. ಕೀಲಿಯೊಳಗೆ ಗಣಿತದ ಒಂದು ರುಜು ಅಡಗಿರುತ್ತಿತ್ತು. ಆ ರುಜು ಸರಿಯೇ ಎಂದು ಯಾವ ಯಂತ್ರವಾದರೂ ಪರೀಕ್ಷಿಸಬಹುದು, ಆದರೆ ಹೊಸದಾಗಿ ಹಾಕುವ ಸಾಮರ್ಥ್ಯ ಕಂಪನಿಯದೊಂದೇ.

ಈ ನಡುವೆ, 2000ದ ಸುಮಾರಿಗೆ, ಪ್ರಮಾಣಪತ್ರವು ಕೈಪಿಡಿಯ ರಕ್ಷಾಪುಟವನ್ನು ಬಿಟ್ಟು ಯಂತ್ರದ ಮೈಗೇ ಅಂಟಿಕೊಂಡಿತು. ಮೇಜಿನ ಯಂತ್ರವಾದರೆ ಪೆಟ್ಟಿಗೆಯ ಮಗ್ಗುಲಿಗೆ, ಲ್ಯಾಪ್‌ಟಾಪ್ ಆದರೆ ಹೊಟ್ಟೆಯ ಕೆಳಗೆ. ಪುಸ್ತಕವನ್ನು ಇನ್ನೊಬ್ಬನಿಗೆ ಕೊಡಬಹುದು, ಸ್ಟಿಕ್ಕರನ್ನು ಕೊಡಲಾಗದು. ಕಿತ್ತರೆ ಹರಿಯುವಂತೆಯೇ ಅದನ್ನು ಮಾಡಿದ್ದರು. ಇದರ ಹಿಂದಿನ ಅರ್ಥ ಸ್ಪಷ್ಟ. ತಯಾರಕರ ಮೂಲಕ ಅಗ್ಗಕ್ಕೆ ಬಂದ ಪರವಾನಗಿ ಆ ಯಂತ್ರದೊಡನೆ ಹುಟ್ಟಿ ಆ ಯಂತ್ರದೊಡನೆಯೇ ಸಾಯಬೇಕು. ಯಂತ್ರ ಎಂದರೆ ಯಾವುದು ಎಂಬ ಪ್ರಶ್ನೆಗೆ ಮೈಕ್ರೋಸಾಫ್ಟ್ ಕೊಟ್ಟ ಉತ್ತರ: ಮದರ್‌ಬೋರ್ಡ್. ಹಾರ್ಡ್ ಡಿಸ್ಕ್ ಬದಲಿಸಿದರೂ, ಮೆಮೊರಿ ಹೆಚ್ಚಿಸಿದರೂ ಅದೇ ಯಂತ್ರ. ಮದರ್‌ಬೋರ್ಡ್ ಕೆಟ್ಟು ಹೋದದ್ದಕ್ಕೆ ಬದಲಿ ಹಾಕಿದರೆ ಪರವಾನಗಿ ಉಳಿಯುತ್ತದೆ. ಇನ್ನೂ ವೇಗವಾದದ್ದು ಬೇಕೆಂದು ಬದಲಿಸಿದರೆ ಅದು ಹೊಸ ಯಂತ್ರ, ಹಳೆಯ ಪರವಾನಗಿ ಅದಕ್ಕೆ ಸಲ್ಲದು.

ಎಲ್ಲ ದೇಶಗಳೂ ಇದನ್ನು ಹಾಗೆಯೇ ಒಪ್ಪಲಿಲ್ಲ. ಯಂತ್ರದೊಡನೆ ಮಾತ್ರ ಮಾರಬೇಕಾದ ಪ್ರತಿಗಳನ್ನು ಬಿಡಿಯಾಗಿ ಮಾರಿದ ವ್ಯಾಪಾರಿಯೊಬ್ಬನ ಮೇಲೆ ಜರ್ಮನಿಯಲ್ಲಿ ಮೊಕದ್ದಮೆ ನಡೆದು, 2000ದ ಜುಲೈ 6ರಂದು ಅಲ್ಲಿನ ಸರ್ವೋಚ್ಚ ಸಿವಿಲ್ ನ್ಯಾಯಾಲಯವು ವ್ಯಾಪಾರಿಯ ಪರವಾಗಿ ತೀರ್ಪಿತ್ತಿತು. ಒಂದು ಪ್ರತಿಯನ್ನು ಒಮ್ಮೆ ಒಪ್ಪಿಗೆಯಿಂದ ಮಾರಿದ ಮೇಲೆ ಅದು ಮುಂದೆ ಯಾರ ಕೈಗೆ ಹೇಗೆ ಹೋಗಬೇಕೆಂದು ವಿಧಿಸುವ ಹಕ್ಕು ಮಾರಿದವನಿಗೆ ಉಳಿಯುವುದಿಲ್ಲ ಎಂಬುದು ಅದರ ತಿರುಳು.

ನಮ್ಮ ದೇಶದ ಕಾನೂನಿನಲ್ಲಿ ನನಗೆ ಯಾವಾಗಲೂ ಸೋಜಿಗವೆನಿಸುವ ಅಂಶ ಬೇರೆ. 1957ರ ಕೃತಿಸ್ವಾಮ್ಯ ಕಾಯಿದೆಗೆ 1984ರಲ್ಲಿ ತಿದ್ದುಪಡಿಯಾದಂದಿನಿಂದ ಗಣಕದ ತಂತ್ರಾಂಶವು ‘ಸಾಹಿತ್ಯ ಕೃತಿ’ಗಳ ಸಾಲಿನಲ್ಲಿದೆ! ಕುಮಾರವ್ಯಾಸನ ಪಕ್ಕದಲ್ಲಿ ವಿಂಡೋಸ್ ಎಂದು ನಮ್ಮ ಕನ್ನಡ ಪಂಡಿತರಿಗೆ ಹೇಳಿದಾಗ ಅವರು ಕನ್ನಡಕ ತೆಗೆದು ನನ್ನ ಮುಖವನ್ನೇ ನೋಡಿದ್ದರು. 1994ರ ತಿದ್ದುಪಡಿಯಲ್ಲಿ ಸೇರಿದ ಒಂದು ಕಲಮಿನ ಪ್ರಕಾರ, ಅಕ್ರಮ ಪ್ರತಿಯೆಂದು ತಿಳಿದೂ ತಂತ್ರಾಂಶವನ್ನು ಬಳಸಿದವನಿಗೆ ಏಳು ದಿನಗಳಿಂದ ಮೂರು ವರ್ಷದವರೆಗೆ ಸೆರೆವಾಸ, ಐವತ್ತು ಸಾವಿರದಿಂದ ಎರಡು ಲಕ್ಷ ರೂಪಾಯಿಯವರೆಗೆ ದಂಡ. ವ್ಯಾಪಾರಕ್ಕಾಗಿ, ಲಾಭಕ್ಕಾಗಿ ಬಳಸಿಲ್ಲವಾದರೆ ಸೆರೆವಾಸವನ್ನು ಬಿಟ್ಟು ದಂಡವನ್ನಷ್ಟೇ ವಿಧಿಸುವ ವಿವೇಚನೆ ನ್ಯಾಯಾಲಯಕ್ಕಿದೆ.

ವಿಂಡೋಸ್ ಎಕ್ಸ್‌ಪಿಗೆ ಹಿಂತಿರುಗುತ್ತೇನೆ. 2001ರ ಅಕ್ಟೋಬರ್ 25ರಂದು ಬಂದ ಈ ಆವೃತ್ತಿಯಲ್ಲಿ ‘ಆ್ಯಕ್ಟಿವೇಷನ್’ ಎಂಬ ಹೊಸ ಶಾಸ್ತ್ರ ಸೇರಿತು. ಯಂತ್ರದ ಹತ್ತು ಅಂಗಗಳನ್ನು, ಅಂದರೆ ಪ್ರೊಸೆಸರ್, ಹಾರ್ಡ್ ಡಿಸ್ಕ್, ಮೆಮೊರಿಯ ಗಾತ್ರ, ಜಾಲದ ಕಾರ್ಡು ಮುಂತಾದವನ್ನು ನೋಡಿ ಒಂದು ಸಂಕ್ಷಿಪ್ತ ಗುರುತನ್ನು ತಯಾರಿಸಿ, ಕೀಲಿಯೊಡನೆ ಅದನ್ನೂ ಕಂಪನಿಗೆ ಮೂವತ್ತು ದಿನಗಳೊಳಗೆ ತಿಳಿಸಬೇಕು. ಅಂತರಜಾಲವಿಲ್ಲದವರು ದೂರವಾಣಿಯಲ್ಲಿ ಸುಮಾರು ಐವತ್ತು ಅಂಕೆಗಳನ್ನು ಓದಿ ಹೇಳಿ, ಅತ್ತಲಿಂದ ನಲವತ್ತೆರಡು ಅಂಕೆಗಳನ್ನು ಬರೆದುಕೊಂಡು ತುಂಬಬೇಕು. ಅಲ್ಲಿಯವರೆಗೆ ಕೀಲಿ ಸರಿಯೇ ಎಂದು ಯಂತ್ರ ತನ್ನನ್ನೇ ಕೇಳಿಕೊಳ್ಳುತ್ತಿತ್ತು. ಅಂದಿನಿಂದ ದೂರದ ಒಡೆಯನನ್ನು ಕೇಳತೊಡಗಿತು. ದೊಡ್ಡ ಕಚೇರಿಗಳಿಗೆ ಮಾತ್ರ ಈ ಶಾಸ್ತ್ರದಿಂದ ವಿನಾಯಿತಿಯಿದ್ದ ಕೀಲಿಗಳನ್ನು ಕೊಟ್ಟಿದ್ದರು. ಅವುಗಳಲ್ಲೊಂದು ಬಿಡುಗಡೆಗೆ ಮೊದಲೇ ಹೊರಬಿದ್ದು ಜಗತ್ತನ್ನೆಲ್ಲ ಸುತ್ತಿತು. 2002ರ ಮೊದಲ ಸರ್ವೀಸ್ ಪ್ಯಾಕ್ ಅದನ್ನು ಬಹಿಷ್ಕರಿಸಿತು.

ಈಗ ಅತ್ಯಂತ ಗೊಂದಲದ ಸಂಗತಿಗೆ ಬಂದೆ. ದೊಡ್ಡ ತಯಾರಕರು ಲಕ್ಷಗಟ್ಟಲೆ ಯಂತ್ರಗಳನ್ನು ಕಾರ್ಖಾನೆಯಿಂದ ಹೊರಡಿಸುವಾಗ ಒಂದೊಂದಕ್ಕೂ ಬೇರೆ ಕೀಲಿ ತುಂಬುತ್ತಾ ಕೂರಲಾದೀತೆ? ಆದ್ದರಿಂದ ಅವರಿಗೆ ಬೇರೊಂದು ಏರ್ಪಾಡು ಮಾಡಿಕೊಟ್ಟರು. ಮದರ್‌ಬೋರ್ಡಿನ ಬಯಾಸ್ ಎಂಬ ಚಿಪ್ಪಿನಲ್ಲಿ ತಯಾರಕರ ಗುರುತಿನ ಬರಹವೊಂದು ಇರುತ್ತದೆ. ಆ ತಯಾರಕರು ತುಂಬಿದ ವಿಂಡೋಸ್ ಪ್ರತಿ ಬಾರಿ ಆ ಬರಹವನ್ನು ನೋಡುತ್ತದೆ. ಅದಿದ್ದರೆ ಆ್ಯಕ್ಟಿವೇಷನ್ ಕೇಳುವುದೇ ಇಲ್ಲ. ಒಳಗೆ ಇರುವ ಕೀಲಿ ಆ ತಯಾರಕರ ಸಾವಿರಾರು ಯಂತ್ರಗಳಿಗೆಲ್ಲ ಒಂದೇ. ಹಾಗಾದರೆ ಹೊರಗಿನ ಸ್ಟಿಕ್ಕರಿನ ಮೇಲಿದ್ದದ್ದು ಯಾವುದು? ಅದು ಬೇರೆಯೇ ಕೀಲಿ, ಪ್ರತಿ ಯಂತ್ರಕ್ಕೂ ಪ್ರತ್ಯೇಕವಾದದ್ದು. ಅಪರೂಪಕ್ಕೆ ಬೇಕಾದಾಗ ಬಳಸಲೆಂದು ಕೊಟ್ಟಿದ್ದು, ಬಹುಪಾಲು ಯಂತ್ರಗಳಲ್ಲಿ ಒಮ್ಮೆಯೂ ಬಳಕೆಯಾಗದೆ ಹಾಗೆಯೇ ಉಳಿದದ್ದು. ಒಳಗಿನ ಕೀಲಿಯನ್ನು ಓದಿ ತೋರಿಸುವ ಸಣ್ಣ ತಂತ್ರಾಂಶಗಳಿವೆ. ಅವುಗಳಿಂದ ನೋಡಿ, “ಸ್ಟಿಕ್ಕರಿನಲ್ಲಿರುವುದೇ ಬೇರೆ, ಒಳಗಿರುವುದೇ ಬೇರೆ, ನನಗೆ ಕಳ್ಳಮಾಲು ಕೊಟ್ಟಿದ್ದಾರೆ” ಎಂದು ಗಾಬರಿಯಾದವರು ಅನೇಕರು.

ಇದು ಪುಸ್ತಕದ ಮಾತಲ್ಲ, ನನ್ನ ಕಣ್ಣೆದುರು ನಡೆದದ್ದು. ನಿವೃತ್ತಿಗೆ ಕೆಲವು ವರ್ಷ ಮೊದಲು, ಹಳೆಯ ವಿದ್ಯಾರ್ಥಿಗಳು ಸೇರಿ ನಮ್ಮ ಶಾಲೆಗೆ ಎಕ್ಸ್‌ಪಿ ತುಂಬಿದ ಎಂಟು ಯಂತ್ರಗಳನ್ನು ಕೊಡಿಸಿದ್ದರು. ಒಂದು ಬೇಸಗೆಯ ರಜೆಯಲ್ಲಿ ಶಾಲೆಗೆ ಸುಣ್ಣ ಬಳಿಸಿದಾಗ, ನಮ್ಮ ಜವಾನರು ಬಹಳ ಶ್ರದ್ಧೆಯ ಮನುಷ್ಯರು, ಪೆಟ್ಟಿಗೆಗಳ ಮೇಲೆ ಕೊಳೆ ಹಿಡಿದಿದ್ದ ಸ್ಟಿಕ್ಕರುಗಳನ್ನೆಲ್ಲ ಸೀಮೆಎಣ್ಣೆಯ ಬಟ್ಟೆಯಿಂದ ಉಜ್ಜಿ ಉಜ್ಜಿ ತೆಗೆದುಬಿಟ್ಟರು. ಯಂತ್ರಗಳು ಹೊಸದರಂತೆ ಹೊಳೆಯುತ್ತಿದ್ದವು. ಒಂದೂ ಕೀಲಿ ಉಳಿದಿರಲಿಲ್ಲ.

ಮುಂದಿನ ವರ್ಷ ಒಂದು ಯಂತ್ರದ ಹಾರ್ಡ್ ಡಿಸ್ಕ್ ಕೆಟ್ಟಿತು. ದುರಸ್ತಿಗೆ ಬಂದ ತರುಣ ಸ್ಟಿಕ್ಕರು ಕೇಳಿದ. ಇಲ್ಲವೆಂದಾಗ, ಹೊಸ ಲೈಸೆನ್ಸ್ ಕೊಳ್ಳದೆ ದಾರಿಯಿಲ್ಲವೆಂದ. ಆಗಿನ ಮುಖ್ಯೋಪಾಧ್ಯಾಯರು ಬೆಲೆ ಕೇಳಿ ಸುಮ್ಮನಾದರು. ಬೀರುವಿನಲ್ಲಿ, ಯಂತ್ರಗಳೊಡನೆ ಬಂದಿದ್ದ ತಯಾರಕರ ಮರುಸ್ಥಾಪನಾ ಸಿ.ಡಿ. ಇತ್ತು. ಹೊಸ ಡಿಸ್ಕ್ ಹಾಕಿಸಿ ಆ ಸಿ.ಡಿ.ಯಿಂದ ತುಂಬಿಸಿ ನೋಡಿದೆವು. ಅದು ಕೀಲಿಯನ್ನೂ ಕೇಳಲಿಲ್ಲ, ಆ್ಯಕ್ಟಿವೇಷನ್ ಮಾತನ್ನೂ ಎತ್ತಲಿಲ್ಲ. ಮದರ್‌ಬೋರ್ಡಿನ ಬರಹವನ್ನು ನೋಡಿಕೊಂಡು ತಾನಾಗಿ ಎದ್ದು ನಿಂತಿತು. ಆ ತರುಣನ ಮುಖದ ಆಶ್ಚರ್ಯ ನನಗೆ ಇನ್ನೂ ನೆನಪಿದೆ.

ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಮತ್ತೊಂದು ಯಂತ್ರದಲ್ಲಿ ಮದರ್‌ಬೋರ್ಡೇ ಸುಟ್ಟಿತು. ನಮ್ಮೂರಿನ ವಿದ್ಯುತ್ತಿನ ಮಹಿಮೆ. ವಾರಂಟಿ ಮುಗಿದಿತ್ತು. ಆ ತಯಾರಕರದೇ ಬೋರ್ಡು ಸಿಗದೆ, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬೇರೆ ಬೋರ್ಡು ತರಿಸಿ ಕೂರಿಸಿದರು. ಅದೇ ಸಿ.ಡಿ. ಹಾಕಿದರೆ, ಇದು ನಮ್ಮ ಯಂತ್ರವಲ್ಲವೆಂಬ ಅರ್ಥದ ಒಂದು ಸಾಲು ತೋರಿಸಿ ನಿಂತುಬಿಟ್ಟಿತು. ನಿಯಮದ ಪ್ರಕಾರ ಕೆಟ್ಟ ಬೋರ್ಡಿಗೆ ಬದಲಿ ಹಾಕಿದ್ದರಿಂದ ನಮ್ಮ ಹಕ್ಕು ಉಳಿದಿರಬಹುದು. ಅದನ್ನು ಸಾಧಿಸಿ ತೋರಿಸಲು ಇದ್ದ ದಾರಿ ಸ್ಟಿಕ್ಕರಿನ ಕೀಲಿಯೊಂದೇ. ಅಂಥ ದೊಡ್ಡ ತಯಾರಕರ ಸ್ಟಿಕ್ಕರಿನ ಕೀಲಿಗಳನ್ನು ಅಂತರಜಾಲದಲ್ಲಿ ಆ್ಯಕ್ಟಿವೇಟ್ ಮಾಡುವುದನ್ನು ಮೈಕ್ರೋಸಾಫ್ಟ್ 2005ರ ಫೆಬ್ರವರಿ ಕೊನೆಯಿಂದ ನಿಲ್ಲಿಸಿದ್ದರಿಂದ, ಆ ಕೀಲಿ ಹಿಡಿದುಕೊಂಡು ದೂರವಾಣಿ ಮಾಡಿ ವಿವರಿಸಬೇಕಿತ್ತು. ನಮ್ಮ ಕೀಲಿ ಸೀಮೆಎಣ್ಣೆಯೊಡನೆ ಹೋಗಿತ್ತು. ಕೊನೆಗೆ ಆ ಯಂತ್ರಕ್ಕೆ ಉಬುಂಟು ಲಿನಕ್ಸ್ ಹಾಕಿದೆವು. ಆಗ ಅದರ ಸಿ.ಡಿ.ಯನ್ನು ಕೇಳಿದವರಿಗೆ ಅಂಚೆಯಲ್ಲಿ ಉಚಿತವಾಗಿ ಕಳುಹಿಸುತ್ತಿದ್ದರು. ಅದು ಯಾವ ಕೀಲಿಯನ್ನೂ ಕೇಳಲಿಲ್ಲ. ಒಂಬತ್ತನೆಯ ತರಗತಿಯ ಮಕ್ಕಳು ಒಂದು ವಾರದಲ್ಲಿ ಅದಕ್ಕೆ ಒಗ್ಗಿಕೊಂಡರು. ಮೇಷ್ಟರುಗಳಿಗೆ ಮಾತ್ರ ಒಂದು ವರ್ಷವೇ ಬೇಕಾಯಿತು.

2007ರ ವಿಸ್ಟಾ ಮತ್ತು 2009ರ ವಿಂಡೋಸ್ 7ರಲ್ಲಿ ಇದೇ ಪದ್ಧತಿ ಮತ್ತಷ್ಟು ಬಿಗಿಯಾಯಿತು. ಬಯಾಸಿನ ಬರಿಯ ಬರಹದ ಬದಲು, ರುಜು ಮಾಡಿದ ಒಂದು ಕೋಷ್ಟಕ, ಅದಕ್ಕೆ ಹೊಂದುವ ತಯಾರಕರ ಪ್ರಮಾಣಪತ್ರದ ಕಡತ ಮತ್ತು ತಯಾರಕರ ಕೀಲಿ, ಮೂರೂ ತಾಳೆಯಾಗಬೇಕು. ಆದರೂ ಕೀಲಿ ಹಲವು ಯಂತ್ರಗಳಿಗೆ ಒಂದೇ ಎಂಬ ದೌರ್ಬಲ್ಯ ಹಾಗೆಯೇ ಇತ್ತು. ವಿಂಡೋಸ್ 7 ಬಿಡುಗಡೆಗೆ ಮುನ್ನವೇ, 2009ರ ಜುಲೈಯಲ್ಲಿ, ತಯಾರಕರೊಬ್ಬರ ಅಂಥ ಕೀಲಿ ಹೊರಬಿದ್ದು ದೊಡ್ಡ ಸುದ್ದಿಯಾಯಿತು.

2012ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 8ರೊಡನೆ ಈ ಏರ್ಪಾಡು ಮತ್ತೊಂದು ರೂಪ ತಾಳಿತು. ಕಾರ್ಖಾನೆಯಲ್ಲಿಯೇ ಪ್ರತಿಯೊಂದು ಯಂತ್ರಕ್ಕೂ ಪ್ರತ್ಯೇಕ ಕೀಲಿಯನ್ನು ಮದರ್‌ಬೋರ್ಡಿನ ಚಿಪ್ಪಿನೊಳಗೆ ಬರೆದು, ಆ ಯಂತ್ರದ ಗುರುತಿನೊಡನೆ ಮೈಕ್ರೋಸಾಫ್ಟಿಗೆ ವರದಿ ಸಲ್ಲಿಸುತ್ತಾರೆ. ಮರುಸ್ಥಾಪಿಸುವಾಗ ವಿಂಡೋಸ್ ತಾನೇ ಅಲ್ಲಿಂದ ಕೀಲಿಯನ್ನು ಓದಿಕೊಳ್ಳುತ್ತದೆ. ಹೊರಗೆ ಉಳಿದದ್ದು ಅಸಲಿಯೆಂದು ಸಾರುವ ಒಂದು ಪುಟ್ಟ ಚೀಟಿ, ಅಂಕೆಯಿಲ್ಲ, ಅಕ್ಷರವಿಲ್ಲ. ಹೊಸ ಲ್ಯಾಪ್‌ಟಾಪ್ ಕೊಂಡು ಗಾಬರಿಯಾದವರಿಗೆ ಇದೇ ಉತ್ತರ: ನಿಮ್ಮ ಕೀಲಿ ಒಳಗಿದೆ, ನಿಮಗೆ ಕಾಣಬೇಕಾಗಿಲ್ಲ ಎಂದು ಅವರು ತೀರ್ಮಾನಿಸಿದ್ದಾರೆ.

2015ರ ಜುಲೈ 29ರಂದು ವಿಂಡೋಸ್ 10 ಬಂದಾಗ, ಮೊದಲ ಒಂದು ವರ್ಷ ವಿಂಡೋಸ್ 7 ಮತ್ತು 8.1 ಇದ್ದವರಿಗೆಲ್ಲ ಅದನ್ನು ಉಚಿತವಾಗಿ ಕೊಟ್ಟರು. ಹಾಗೆ ಮೇಲ್ದರ್ಜೆಗೇರಿದ ಯಂತ್ರಗಳಿಗೆ ಪ್ರತ್ಯೇಕ ಕೀಲಿಯನ್ನೇ ಕೊಡಲಿಲ್ಲ. ಯಂತ್ರದ ಗುರುತನ್ನು ಮೈಕ್ರೋಸಾಫ್ಟ್ ತನ್ನ ಕಡತದಲ್ಲಿ ಬರೆದಿಟ್ಟುಕೊಂಡಿತು, ಅಷ್ಟೆ. 2016ರಿಂದ ಈ ದಾಖಲೆಯನ್ನು ಬಳಕೆದಾರನ ಖಾತೆಯೊಡನೆ ಜೋಡಿಸಿಕೊಳ್ಳುವ ಅವಕಾಶವೂ ಬಂದಿತು. ಶಾನುಭೋಗರ ಕೈಬರಹದ ಪಹಣಿ ಹೋಗಿ ‘ಭೂಮಿ’ಯ ಗಣಕದ ಪಹಣಿ ಬಂದದ್ದನ್ನು ಕಂಡ ನಮ್ಮ ರೈತ ಬಂಧುಗಳಿಗೆ ಇದು ಸುಲಭವಾಗಿ ಅರ್ಥವಾಗಬೇಕು. ಕೈಯಲ್ಲಿರುವ ಕಾಗದಕ್ಕಿಂತ ಕಚೇರಿಯ ದಾಖಲೆಗೇ ಮಾನ್ಯತೆ. ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು. ಪಹಣಿಯಲ್ಲಿ ಹೆಸರಿರುವ ರೈತ ಭೂಮಿಯ ಒಡೆಯ; ನಾವು ವಿಂಡೋಸಿನ ಒಡೆಯರಲ್ಲ, ಗೇಣಿದಾರರು. ನಮ್ಮ ಕೀಲಿಸಂಖ್ಯೆ ಗೇಣಿಚೀಟಿ. ಉಳುವವನೇ ಹೊಲದೊಡೆಯನೆಂಬ ಕಾನೂನು ತಂತ್ರಾಂಶಕ್ಕೆ ಇನ್ನೂ ಬಂದಿಲ್ಲ!

ಗೇಣಿಚೀಟಿಯನ್ನೇ ಕೊಂಡರೆ ಗೇಣಿಯ ಹಕ್ಕು ಬರುವುದಿಲ್ಲ ಎಂಬುದನ್ನು ಅಂತರಜಾಲದಲ್ಲಿ ಕೆಲವು ನೂರು ರೂಪಾಯಿಗೆ ಕೀಲಿ ಮಾರುವವರಿಂದ ಕೊಳ್ಳುವವರು ನೆನಪಿಡಬೇಕು. ಗುಜರಿಗೆ ಹೋದ ಯಂತ್ರಗಳ ಕೀಲಿಗಳೂ, ಯಾವುದೋ ಕಚೇರಿಗೆ ಸಗಟಾಗಿ ಕೊಟ್ಟ ಕೀಲಿಗಳೂ ಹಾಗೆ ಬಿಕರಿಯಾಗುತ್ತವೆ. ಇಂದು ನಡೆದ ಕೀಲಿ ನಾಳೆ ತಿರಸ್ಕೃತವಾದರೆ ಹೇಳಿಕೊಳ್ಳಲು ದಿಕ್ಕಿರುವುದಿಲ್ಲ.

ಹಳೆಯ ಸ್ಟಿಕ್ಕರಿನವರಿಗೆ ಇನ್ನೊಂದು ಮಾತು. ಉಚಿತ ವರ್ಷ ಮುಗಿದ ಮೇಲೂ ಬಹುಕಾಲ ವಿಂಡೋಸ್ 7 ಮತ್ತು 8ರ ಕೀಲಿಗಳನ್ನು ಅವೇ ಯಂತ್ರಗಳ ವಿಂಡೋಸ್ 10ಕ್ಕೆ ಹಾಕಿದರೆ ಒಪ್ಪಿಕೊಳ್ಳುತ್ತಿತ್ತು. 2023ರ ಸೆಪ್ಟೆಂಬರಿನಲ್ಲಿ ಮೈಕ್ರೋಸಾಫ್ಟ್ ಆ ದಾರಿಯನ್ನು ಮುಚ್ಚಿತು. ಅದಕ್ಕೆ ಮೊದಲೇ ಮೇಲ್ದರ್ಜೆಗೇರಿದ್ದ ಯಂತ್ರಗಳ ದಾಖಲೆ ಹಾಗೆಯೇ ಉಳಿದಿದೆ. ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಕೊನೆಯಾಗಿದೆ. ಅಂಥ ಯಂತ್ರ ಹನ್ನೊಂದನೆಯ ಆವೃತ್ತಿಯನ್ನು ತಾಳಬಲ್ಲುದಾದರೆ, ಅದೇ ದಾಖಲೆಯ ಆಧಾರದ ಮೇಲೆ ಹೊಸ ಕೀಲಿಯಿಲ್ಲದೆ ಏರಿಸಿಕೊಳ್ಳಬಹುದು. ತಾಳಲಾರದ ಯಂತ್ರಗಳನ್ನು ಗುಜರಿಗೆ ಹಾಕುವ ಮುನ್ನ ಹತ್ತಿರದ ಯಾವುದಾದರೂ ಶಾಲೆಯವರನ್ನು ಕೇಳಿ; ಲಿನಕ್ಸ್ ಹಾಕಿದರೆ ಇನ್ನೂ ನಾಲ್ಕಾರು ವರ್ಷ ಮಕ್ಕಳ ಕೈಯಲ್ಲಿ ದುಡಿಯುತ್ತವೆ. ಹಳೆಯ ಯಂತ್ರವನ್ನೇ ನೆಚ್ಚಿಕೊಂಡಿರುವವರು, ಬೆನ್ನಿನ ಮೇಲಿನ ಅಕ್ಷರಗಳು ಮಾಸುವ ಮೊದಲು ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಬರೆಯುವಾಗ ‘ಬಿ’ ಅಕ್ಷರವನ್ನೂ ಎಂಟನ್ನೂ ಬಿಡಿಸಿ ಬರೆಯಿರಿ. ವರ್ಣಮಾಲೆ ಮಾಡಿದ ಆ ಮೇಷ್ಟರು ಅದೊಂದನ್ನು ಹಾಗೆಯೇ ಬಿಟ್ಟುಬಿಟ್ಟಿದ್ದಾರೆ.